ತಡಿ

ಮೊನ್ನೆ ಭಾನುವಾರದ್ದೂ ಸೇರಿ ನಾಲ್ಕು ಕ್ಲಾಸು ಮುಗಿದವು. ನಾನು ತೆಗೆದ ಫೋಟೋ ಒಟ್ಟು ಹನ್ನೊಂದು. ಅದರಲ್ಲಿ ಎರಡು ನನ್ನದೇ ಶೂ.

ನಮ್ಮ ಮೇಷ್ಟ್ರು ಮೊದಲು ನಮ್ಮ ಏರಿಯಾದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮೇಷ್ಟ್ರು ಭಾನುವಾರ ಬೆಳಿಗ್ಗೆ ಆರಕ್ಕೆ ಲಾಲ್‌ಬಾಗ್‌ನಲ್ಲಿ ಪಾಠ ಶುರು ಮಾಡಿದ್ದಾರೆ. ಮೂರು ತಿಂಗಳ ಫೀಸು ಮೊದಲೇ ಇಸ್ಕೊಂಡಿದ್ದಾರೆ. ಬಿಡೋ ಹಾಗೂ ಇಲ್ಲ.

ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಅನ್ನೋ ಬೆಳಕಿನ ಲೆಕ್ಕ ಎಲ್ಲ ಮೊದಲ ದಿನ ಅರ್ಧ ಗಂಟೆಯಲ್ಲಿ ಮುಗಿಸಿದರು. "ಒಳ್ಳೆ ಬಿಸಿಲಿದ್ರೆ ಅಪರ್ಚರ್ ಎಫ್ 16 ಇಡು. ಐಎಸ್‌ಒ 100 ಆದ್ರೆ ಶಟರ್ ಸೆಕೆಂಡಿನ ನೂರರಲ್ಲೊಂದು ಪಾಲು. ಮೀಟರ್ ಗೀಟರ್ ಬೇಡ." ಚೆನ್ನಾಗಿತ್ತು. ಆಮೇಲೆ ಉಳಿದದ್ದು ಒಂದೇ ಪಾಠ.

"ತಡಿ."

ಕ್ಯಾಮೆರಾ ಕಣ್ಣಿಗೆ ಹಿಡಿದರೆ "ತಡಿ". ಗುಂಡಿ ಮೇಲೆ ಬೆರಳಿಟ್ಟರೆ "ತಡಿ, ತಡಿ". ಒಮ್ಮೊಮ್ಮೆ "ಹಾಂ, ಈಗ..." ಅಂತಾರೆ. ನಾವು ಉಸಿರು ಬಿಗಿಹಿಡಿಯುತ್ತೇವೆ. "...ತಡಿ."

ಮೊನ್ನೆ ಕೆರೆ ದಂಡೆಯಲ್ಲಿ ಒಂದು ಮಿಂಚುಳ್ಳಿ ಕೂತಿತ್ತು. ನನ್ನನ್ನು ಹುಲ್ಲಲ್ಲಿ ಮಂಡಿಯೂರಿಸಿದರು. "ಅದು ಈ ಕಡೆ ತಿರುಗಲಿ, ಕಣ್ಣಲ್ಲಿ ಬೆಳಕಿನ ಚುಕ್ಕಿ ಬೀಳಬೇಕು." ಹಕ್ಕಿ ತಿರುಗಲಿಲ್ಲ. ಇರುವೆಗಳು ಮಾತ್ರ ನನ್ನ ಕಡೆ ತಿರುಗಿದವು. ಮೊದಲು ಕಾಲುಚೀಲ, ಆಮೇಲೆ ಮಂಡಿ, ಆಮೇಲೆ ಹೇಳೋಕಾಗದ ಜಾಗ. "ಸರ್, ಇರುವೆ" ಅಂದೆ. ಮೇಷ್ಟ್ರು ಬಂಡೆಯ ದಿಕ್ಕಿಗೆ ಕೈ ತೋರಿಸಿ, "ಆ ಕಲ್ಲಿಗೆ 300 ಕೋಟಿ ವರ್ಷ ವಯಸ್ಸು. ನಿನಗೆ ಐದು ನಿಮಿಷ ಆಗಲ್ವಾ?" ಅಂದರು. ಕಲ್ಲಿಗೆ ಇರುವೆ ಕಚ್ಚಿದರೆ ಏನಾಗುತ್ತೆ ಸ್ವಾಮಿ?

ಕೊನೆಗೂ ಹಕ್ಕಿ ಕತ್ತು ತಿರುಗಿಸಿತು. ಕಣ್ಣಲ್ಲಿ ಚುಕ್ಕಿಯೂ ಬಿತ್ತು. "ಹೊಡಿ!" ಅಂದರು. ಒತ್ತಿದೆ. ಕಾದು ಕಾದು ಕ್ಯಾಮೆರಾದ ಬ್ಯಾಟರಿ ಸತ್ತಿತ್ತು.

ಬೆಂಗಳೂರಿಗೆ ಈ ಗುರುಶಿಷ್ಯರ ಸಾಲು ಹೊಸದಲ್ಲ. ಕಾಡಿನ ಪ್ರಾಣಿಪಕ್ಷಿಗಳ ಫೋಟೋ ತೆಗೆಯುತ್ತಿದ್ದ ಒ.ಸಿ. ಎಡ್ವರ್ಡ್ಸ್ ಹತ್ತಿರ ಟಿ.ಎನ್.ಎ. ಪೆರುಮಾಳ್ ಕಲಿತರು. ಪೆರುಮಾಳ್ ಹತ್ತಿರ ಎಷ್ಟೋ ಜನ ಕಲಿತು ಕಾಡುಮೇಡು ಸುತ್ತಿದರು. ನಾನು ಕಲಿತದ್ದು ಮಂಡಿಯೂರೋದು.

ಮೇಷ್ಟ್ರ ಕಷ್ಟ ಗೊತ್ತಿಲ್ಲ ಅಂತಲ್ಲ. ಅವರ ಕಾಲದಲ್ಲಿ ರೋಲಿಗೆ 36 ಫೋಟೋ. ಧಾರೆ ಹೊತ್ತಲ್ಲಿ ಮದುಮಗ ಕಣ್ಣು ಮುಚ್ಚಿದ್ದರೆ ರೋಲು ತೊಳೆಯೋವರೆಗೂ ಗೊತ್ತಾಗುತ್ತಿರಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಫೋಟೋ ತೆಗೆದದ್ದೂ ಅವರೇ. ಕನ್ನಡಿ ಪಕ್ಕ ದಾರದಲ್ಲಿ ಕಟ್ಟಿದ ಬಾಚಣಿಗೆ, ಊರಿಗೆಲ್ಲ ಒಂದೇ ಪೌಡರ್ ಡಬ್ಬಿ. ಎರಡು ಬೆರಳಲ್ಲಿ ನನ್ನ ಗದ್ದ ಸ್ವಲ್ಪ ಎತ್ತಿ, ಹಿಂದೆ ಹೋಗಿ, ಒಂದೇ ಸಲ ಒತ್ತಿದರು. ಆ ಫೋಟೋದಲ್ಲಿ ನಾನು ನೋಡೋ ಹಾಗಿದ್ದೇನೆ. ಆಮೇಲೆ ಯಾವುದರಲ್ಲೂ ಇಲ್ಲ.

ಹೊರಡುವಾಗ ಗೇಟಿನ ವಾಚ್‌ಮನ್ "ಸಾರ್, ನಂದೊಂದು ತೆಗೀರಿ" ಅಂದರು. ಮೇಷ್ಟ್ರು ಹೋಗಿ ಅವರ ಕಾಲರ್ ಗುಂಡಿ ಹಾಕಿದರು. ಎರಡು ಬೆರಳಲ್ಲಿ ಗದ್ದ ಎತ್ತಿದರು. ಕ್ಲಿಕ್. ಅಷ್ಟೇ. ಫೋಟೋ ನೋಡಿ ವಾಚ್‌ಮನ್ ಟೋಪಿ ಸರಿಮಾಡಿಕೊಂಡರು, ಮತ್ತೆ ನೋಡಿದರು.

ನನಗೆ ಉರಿಯಿತು. ತುರಿಕೆಯೂ ಇತ್ತು.

"ಸರ್, ಅವರಿಗೆ ತಡಿ ಅನ್ನಲೇ ಇಲ್ಲ?"

"ಅವರಿಗೆ ಡ್ಯೂಟಿ ಇತ್ತಪ್ಪ" ಅಂದರು ಮೇಷ್ಟ್ರು. "ನಿನಗೇನು ಕೆಲಸ?"