ಮೌರೀನ್ ಗಾರ್ಡ್ನರ್ ಸೋತಿದ್ದು ಎಷ್ಟರಿಂದ?

1948ರ ಲಂಡನ್ ಒಲಿಂಪಿಕ್ಸ್, ಹೆಂಗಸರ 80 ಮೀಟರ್ ಹರ್ಡಲ್ಸ್ (ದಾರಿಯಲ್ಲಿಟ್ಟ ಅಡೆತಡೆಗಳನ್ನು ಹಾರುತ್ತಾ ಓಡುವ ಓಟ) ಫೈನಲ್. ಫಲಿತಾಂಶದ ಪಟ್ಟಿ ತೆಗೆದು ನೋಡಿ. ಮೊದಲ ಸ್ಥಾನ ನೆದರ್‌ಲ್ಯಾಂಡ್ಸ್‌ನ ಫ್ಯಾನಿ ಬ್ಲಾಂಕರ್ಸ್-ಕೂನ್, 11.2 ಸೆಕೆಂಡ್. ಎರಡನೇ ಸ್ಥಾನ ಇಂಗ್ಲೆಂಡಿನ ಮೌರೀನ್ ಗಾರ್ಡ್ನರ್, 11.2 ಸೆಕೆಂಡ್. ಟೈಮ್ ಒಂದೇ. ಇಬ್ಬರದೂ ಒಲಿಂಪಿಕ್ ದಾಖಲೆಯ ಓಟ. ಕ್ರೀಡೆಯ ಬಗ್ಗೆ ಓದುವವರಿಗೆಲ್ಲ ಫ್ಯಾನಿ ಗೊತ್ತು. ಮೌರೀನ್ ಗೊತ್ತಿರುವವರು ತೀರಾ ಕಡಿಮೆ.

ಫ್ಯಾನಿ ಬಗ್ಗೆ ನನಗೆ ಎರಡು ಮಾತಿಲ್ಲ. 30 ವರ್ಷದ, ಎರಡು ಮಕ್ಕಳ ತಾಯಿ, ಒಂದೇ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದವರು. ನನ್ನ ತಕರಾರು ಆ ಕಥೆಯನ್ನು ಹೇಳುವವರ ಮೇಲೆ. ಅವರು ಹೇಳುವುದು ಹೀಗೆ: ಇಬ್ಬರೂ ಒಟ್ಟಿಗೇ ಗುರಿ ಮುಟ್ಟಿದರು, ಯಾರು ಗೆದ್ದರು ಅಂತ ತಿಳಿಯದೆ ಎಲ್ಲರೂ ಕಾಯುತ್ತಿದ್ದರು. ಅಷ್ಟರಲ್ಲಿ ಬ್ಯಾಂಡ್‌ನವರು ಬ್ರಿಟನ್ನಿನ ರಾಷ್ಟ್ರಗೀತೆ ಶುರು ಮಾಡಿದರು. ಸರಿ, ಮೌರೀನ್ ಗೆದ್ದರು ಅಂದುಕೊಂಡು ಫ್ಯಾನಿ ನಿರಾಸೆಪಟ್ಟರು. ಆಮೇಲೆ ನೋಡಿದರೆ, ರಾಜಮನೆತನದವರು ಕ್ರೀಡಾಂಗಣಕ್ಕೆ ಬಂದಿದ್ದಕ್ಕೆ ಬ್ಯಾಂಡ್ ನುಡಿಸಿದ್ದಂತೆ! ಕೇಳಲು ಚೆನ್ನಾಗಿದೆ, ನಿಜ. ಆದರೆ ಈ ಕಥೆಯಲ್ಲಿ ಮೌರೀನ್‌ಗೆ ಏನು ಕೆಲಸ? ಸುಮ್ನೆ ಪಕ್ಕದಲ್ಲಿ ನಿಲ್ಲುವುದು ಅಷ್ಟೇ. ಆ ಕ್ಷಣದಲ್ಲಿ ಆಕೆಗೆ ಹೇಗಾಗಿರಬೇಡ ಅಂತ ಒಬ್ಬರೂ ಕೇಳುವುದಿಲ್ಲ.

ಆಗ ಆಕೆಗೆ ಬರೀ 19 ವರ್ಷ. ಹುಟ್ಟಿದ್ದು 1928ರ ನವೆಂಬರ್‌ನಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ಮೊದಲು ಕಲಿತದ್ದು ಬ್ಯಾಲೆ ನೃತ್ಯ. ಕಾಯಿಲೆ ಬಿದ್ದು ಎದ್ದ ಮೇಲೆ ಮೈಗೆ ಶಕ್ತಿ ಬರಲಿ ಅಂತ ಓಡಲು ಶುರು ಮಾಡಿದವರು. ಆಕೆಗೆ ಹರ್ಡಲ್ಸ್ ಅಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಬ್ಯಾಲೆಯ ಪಾಲೂ ಇದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಯಾಕೆ ಅಂದರೆ ಈ ಓಟದ ಲೆಕ್ಕವೇ ಹಾಗಿದೆ. 80 ಮೀಟರ್‌ನಲ್ಲಿ ಎಂಟು ಹರ್ಡಲ್. ಮೊದಲ ಹರ್ಡಲ್‌ವರೆಗೆ 12 ಮೀಟರ್, ಆಮೇಲೆ ಒಂದೊಂದರ ನಡುವೆ 8 ಮೀಟರ್, ಕೊನೆಯದು ದಾಟಿದ ಮೇಲೆ ಮತ್ತೆ 12 ಮೀಟರ್. ನಡುವಿನ 8 ಮೀಟರ್‌ಗೆ ಮೂರೇ ಹೆಜ್ಜೆ. ಮುಂದಿನ ಕಾಲು ಚಾಚಿ ದಾಟಬೇಕು. ಹಿಂದಿನ ಕಾಲನ್ನು ಪಕ್ಕಕ್ಕೆ ಮಡಚಿ ಎಳೆದುಕೊಳ್ಳಬೇಕು. ನೆಲ ಮುಟ್ಟಿದ ಕೂಡಲೇ ಮುಂದಿನ ಹೆಜ್ಜೆ ಸಿದ್ಧವಿರಬೇಕು. ಮೇಲೆ ಜಾಸ್ತಿ ಹಾರಿದರೆ ಗಾಳಿಯಲ್ಲೇ ಸಮಯ ಹೋಯಿತು, ಕಡಿಮೆ ಹಾರಿದರೆ ಹರ್ಡಲ್ ಕಾಲಿಗೆ ತಾಗಿತು. ಬರೀ ವೇಗ ಇದ್ದವರಿಗೆ ಇದು ಒಲಿಯುವುದಿಲ್ಲ. ಸೊಂಟ, ತೊಡೆ, ಪಾದ ಎಲ್ಲವೂ ಹೇಳಿದ ಮಾತು ಕೇಳಬೇಕು. ಬ್ಯಾಲೆ ಕಲಿಸುವುದೂ ಅದನ್ನೇ ಅಲ್ವಾ?

ಇನ್ನು ಆ ಲಂಡನ್. ಯುದ್ಧ ಮುಗಿದು ಮೂರು ವರ್ಷವಾಗಿದ್ದರೂ ಊಟ, ಬಟ್ಟೆ ಎಲ್ಲದಕ್ಕೂ ರೇಷನ್. ಬ್ರೆಡ್ ಮೇಲಿನ ರೇಷನ್ ಎತ್ತಿದ್ದೇ ಕ್ರೀಡಾಕೂಟಕ್ಕೆ ಕೆಲವೇ ದಿನ ಮೊದಲು. ಕೂಟ ನಡೆದ ವೆಂಬ್ಲಿ ಕ್ರೀಡಾಂಗಣದಲ್ಲಿ ನಾಯಿ ರೇಸ್ ನಡೆಯುತ್ತಿದ್ದ ಜಾಗದ ಮೇಲೆ ಅವಸರದಲ್ಲಿ ಸಿಂಡರ್ ಟ್ರ್ಯಾಕ್ (ಸುಟ್ಟ ಕಲ್ಲಿದ್ದಲಿನ ಪುಡಿಯ ಓಟದ ಹಾದಿ) ಹಾಸಿದ್ದರು. ಈಗಿನ ರಬ್ಬರಿನಂಥ ಟ್ರ್ಯಾಕ್ ನೋಡಿದವರು ಆ ನೆಲದ ಮೇಲಿನ 11.2 ಏನು ಅನ್ನುವುದನ್ನು ಸ್ವಲ್ಪ ಯೋಚಿಸಬೇಕು.

ಆಗಸ್ಟ್ 4ರ ಫೈನಲ್. ಸ್ಟಾರ್ಟ್ ಮೌರೀನ್‌ದೇ ಚೆನ್ನಾಗಿತ್ತು. ವಿಶ್ವದಾಖಲೆ ಕೈಯಲ್ಲಿದ್ದ ಫ್ಯಾನಿ ಹಿಂದೆ ಬಿದ್ದರು. ಅರ್ಧ ದೂರ ದಾಟುವಷ್ಟರಲ್ಲಿ ಹತ್ತಿರ ಬಂದರು. ಆದರೆ ಅವರ ಕಾಲು ಒಂದು ಹರ್ಡಲ್‌ಗೆ ಬಡಿದು ಲಯ ತಪ್ಪಿತು. ಹೇಗೋ ಸಾವರಿಸಿಕೊಂಡು ಮೈ ಮುಂದಕ್ಕೆ ಚಾಚಿ ಟೇಪ್ ಮುಟ್ಟಿದರು. ಮೌರೀನ್ ಕೂಡ ಅದೇ ಕ್ಷಣಕ್ಕೆ ಮುಟ್ಟಿದರು. ಯಾರು ಮೊದಲು ಅಂತ ಹೇಳಲು ಫೋಟೋ ಬೇಕಾಯಿತು. ಆ ದಿನ ಅಂದವಾಗಿ ಓಡಿದ್ದು ಯಾರು ಅಂತ ಕೇಳಿದರೆ ನಾನು ಮೌರೀನ್ ಹೆಸರೇ ಹೇಳುತ್ತೇನೆ.

ಇಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಇನ್ನೊಂದು ಹೆಸರಿದೆ. ಇದೇ ವೆಂಬ್ಲಿಯಲ್ಲಿ, ಇದಕ್ಕೆ ಒಂದು ದಿನ ಮುಂಚೆ, ಭಾರತದ ಹೆನ್ರಿ ರೆಬೆಲ್ಲೊ ಟ್ರಿಪಲ್ ಜಂಪ್ (ಓಡಿ ಬಂದು ಮೂರು ಹಂತದಲ್ಲಿ ಜಿಗಿಯುವ ಸ್ಪರ್ಧೆ) ಫೈನಲ್‌ಗೆ ನಿಂತಿದ್ದರು. ಬೆಂಗಳೂರಿನಲ್ಲಿ ಓದಿದ ಹುಡುಗ. ಅವರಿಗೂ 19 ವರ್ಷ. ಪದಕ ಬರುತ್ತದೆ ಅಂತ ಎಲ್ಲರೂ ನಂಬಿದ್ದರು. ಇನ್ನೇನು ಓಡಬೇಕು ಅನ್ನುವಾಗ ಪದಕ ಸಮಾರಂಭ ಇದೆ ಅಂತ ಅಧಿಕಾರಿ ತಡೆದರು. ಬ್ಯಾಂಡ್ ಮುಗಿಯುವವರೆಗೆ ಕಾಯುತ್ತಾ ನಿಂತು ಮೈ ತಣ್ಣಗಾಯಿತು. ಮೊದಲ ಜಿಗಿತಕ್ಕೇ ತೊಡೆಯ ಹಿಂದಿನ ಸ್ನಾಯು ಹರಿಯಿತು. ಅಲ್ಲಿಗೆ ಅವರ ಒಲಿಂಪಿಕ್ಸ್ ಮುಗಿಯಿತು. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬ್ರಿಟನ್ನಿನ ಹುಡುಗಿಯರಿಗೆ ಆ ವರ್ಷ ಅಥ್ಲೆಟಿಕ್ಸ್‌ನಲ್ಲಿ ನಾಲ್ಕು ಬೆಳ್ಳಿ ಬಂತು, ಚಿನ್ನ ಒಂದೂ ಇಲ್ಲ. ಡೊರೊಥಿ ಮ್ಯಾನ್ಲಿ 100 ಮೀಟರ್, ಆಡ್ರಿ ವಿಲಿಯಮ್ಸನ್ 200 ಮೀಟರ್, ಮೌರೀನ್ ಹರ್ಡಲ್ಸ್. ಮೂವರ ಮುಂದೆಯೂ ಫ್ಯಾನಿಯೇ. ನಾಲ್ಕನೆಯವರು ಹೈಜಂಪಿನ ಡೊರೊಥಿ ಟೈಲರ್. ಗೆದ್ದ ಅಮೆರಿಕದ ಆಲಿಸ್ ಕೋಚ್‌ಮನ್ ಹಾರಿದಷ್ಟೇ ಎತ್ತರ ಹಾರಿಯೂ ಎರಡನೆಯವರಾದರು. ಟೈಲರ್‌ಗೆ 1936ರ ಒಲಿಂಪಿಕ್ಸ್‌ನಲ್ಲೂ ಹೀಗೇ ಆಗಿತ್ತು.

ಮೌರೀನ್ ಅಲ್ಲಿಗೇ ಕೈಬಿಡಲಿಲ್ಲ. ಇಂಗ್ಲೆಂಡಿನ ಅಥ್ಲೆಟಿಕ್ಸ್ ಸಂಸ್ಥೆಯ ಮೊದಲ ಮುಖ್ಯ ಕೋಚ್ ಆಗಿದ್ದ ಜೆಫ್ ಡೈಸನ್ ಅವರನ್ನು ಅದೇ ವರ್ಷ ಮದುವೆಯಾದರು. 1950ರಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ಹೋದರು. ಮತ್ತೆ ಬೆಳ್ಳಿ. ಮತ್ತೆ ಮುಂದೆ ಫ್ಯಾನಿ. ಒಬ್ಬರ ಹಿಂದೆಯೇ ಎರಡು ಸಲ ಎರಡನೆಯವರಾಗುವುದನ್ನು ದುರದೃಷ್ಟ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಾಲದ ಅತಿ ದೊಡ್ಡ ಓಟಗಾರ್ತಿಯ ಜೊತೆ ಹೆಗಲಿಗೆ ಹೆಗಲು ಕೊಟ್ಟು ಓಡಿದ್ದು ಅದೃಷ್ಟದ ಕೆಲಸವಲ್ಲ, ಅದು ಆಕೆಯ ಯೋಗ್ಯತೆ. ಓಟ ಬಿಟ್ಟ ಮೇಲೆ ಬ್ಯಾಲೆ ಕಲಿಸಿದರು. 1974ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡರು.

ಆಮೇಲೆ ಇಂಗ್ಲೆಂಡಿನಿಂದ ಇನ್ನಿಬ್ಬರು ಈ ಓಟದಲ್ಲಿ ಒಲಿಂಪಿಕ್ ಬೆಳ್ಳಿ ತಂದರು. 1960ರಲ್ಲಿ ರೋಮ್‌ನಲ್ಲಿ ಕ್ಯಾರಲ್ ಕ್ವಿಂಟನ್. ಓಟ 100 ಮೀಟರ್ ಆದ ಮೇಲೆ, 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶರ್ಲಿ ಸ್ಟ್ರಾಂಗ್. ಕ್ಯಾರಲ್ ಸೋತಿದ್ದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ. ಶರ್ಲಿ 12.88, ಗೆದ್ದವರು 12.84. ಚಿನ್ನ ಇವತ್ತಿನವರೆಗೂ ಬಂದಿಲ್ಲ. ಈ ಮೂವರಲ್ಲಿ ಯಾರು ದೊಡ್ಡವರು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಮೌರೀನ್. ಉಳಿದ ಇಬ್ಬರ ಸೋಲನ್ನು ಗಡಿಯಾರ ಅಳೆದು ತೋರಿಸಿತು. ಆಕೆಯದನ್ನು ಗಡಿಯಾರಕ್ಕೂ ಹೇಳಲಾಗಲಿಲ್ಲ.