ಸೊಲ್ಲಾಪುರ ಹದಿನಾರು ಊರಿನಿಂದ ಬಂದ ಹೆಸರಲ್ಲ

ಸಂಕ್ರಾಂತಿಗೆ ನಮ್ಮ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗಡ್ಡಾ ಯಾತ್ರೆ. ಬಿಳಿ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜ ಹೊತ್ತು ಊರೆಲ್ಲ ಸುತ್ತುತ್ತಾರೆ. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಸುತ್ತುತ್ತದೆ. ಸೋಲಾ ಅಂದರೆ ಹದಿನಾರು, ಹದಿನಾರು ಊರು ಸೇರಿ ಸೋಲಾಪುರ ಆಯಿತು ಅಂತ. ಮಕ್ಕಳೂ ಇದನ್ನೇ ನಂಬಿಕೊಂಡು ಬೆಳೆಯುತ್ತಿದ್ದಾರೆ. ನನಗೆ ಇದು ಬಹಳ ಬೇಸರದ ವಿಷಯ.

ಆ ಹದಿನಾರು ಊರುಗಳ ಪಟ್ಟಿಯನ್ನು ಒಮ್ಮೆ ನಿಧಾನಕ್ಕೆ ಓದಿ ನೋಡಿ. ಆದಿಲ್‌ಪುರ, ಅಹಮದ್‌ಪುರ, ಫತೇಪುರ, ಮಹಮ್ಮದ್‌ಪುರ, ಶೇಖ್‌ಪುರ. ಇವು ಸುಲ್ತಾನರ ಕಾಲದ ಹೆಸರುಗಳು ಅಂತ ನೋಡಿದರೇ ಗೊತ್ತಾಗುತ್ತದೆ. ಊರು ಅದಕ್ಕಿಂತ ಎಷ್ಟೋ ಹಳೆಯದು. ಇನ್ನೂ ಕೆಳಗೆ ಬನ್ನಿ, ಅದೇ ಪಟ್ಟಿಯಲ್ಲಿ ಸೋಲಾಪುರ ಅಂತಲೇ ಒಂದು ಊರಿದೆ, ಸೋನಲಗಿ ಅಂತ ಇನ್ನೊಂದಿದೆ! ಹದಿನಾರು ಸೇರಿದ ಮೇಲೆ ಹುಟ್ಟಬೇಕಾದ ಹೆಸರು ಆ ಹದಿನಾರರ ಒಳಗೇ ಹೇಗೆ ಬಂತು? ಮರಾಠಿಯಲ್ಲಿ ಹದಿನಾರಕ್ಕೆ ಸೋಳಾ ಅಂತಾರೆ, ಊರಿನ ಹೆಸರಲ್ಲಿ ಇರುವುದು 'ಲ'. ಮರಾಠಿಯವರು ಲ, ಳ ಸುಮ್ನೆ ಬೆರೆಸುವವರಲ್ಲ.

ನಿಜವಾದ ಹೆಸರು ಕಲ್ಲಿನ ಮೇಲಿದೆ. 12ನೇ ಶತಮಾನದಲ್ಲಿ ಸಿದ್ಧರಾಮ, ಅಂದರೆ ನಮ್ಮ ಸಿದ್ಧೇಶ್ವರನೇ, ಇಲ್ಲಿ ಕೆರೆ ಕಟ್ಟಿಸಿದ, ಕಪಿಲಸಿದ್ಧ ಮಲ್ಲಿಕಾರ್ಜುನ ಅಂಕಿತದಲ್ಲಿ ವಚನ ಹೇಳಿದ. ಕಳಚುರಿಗಳ ಆ ಕಾಲದ ಶಾಸನಗಳಲ್ಲಿ ಊರಿನ ಹೆಸರು ಸೊನ್ನಲಗೆ. ಆಮೇಲೆ ಬಾಯಿಮಾತಿನಲ್ಲಿ ಸೊನ್ನಲಗಿ. ನಮ್ಮ ಕಡೆ ಮನೆ ಅನ್ನುವುದು ಮನಿ ಆಗುತ್ತದಲ್ವಾ, ಹಾಗೇ. ಮೋಹೋಳ ತಾಲೂಕಿನ ಕಾಮತಿಯಲ್ಲಿ ಶಕ 1238ರ, ಅಂದರೆ 1316ರ ಸುಮಾರಿನ ಸಂಸ್ಕೃತ ಶಾಸನ ಸಿಕ್ಕಿದೆ. ಅದರಲ್ಲಿ ಸೋನಲಿಪುರ. ಸೊಲ್ಲಾಪುರದ ಕೋಟೆಯ ಒಂದು ಶಾಸನದಲ್ಲಿ ಸೋನಲಪುರ, ಅದೇ ಕೋಟೆಯ ಬಾವಿಯ ಮೇಲೆ ಸಂದಲಪುರ. ನಡುವಿನ 'ನ' ಬಿದ್ದು ಹೋಗಿ ಸೋಲಾಪುರ. ಇಂಗ್ಲಿಷರು ಬಂದು ಶೋಲಾಪುರ ಮಾಡಿದರು.

ನಾವು ಕನ್ನಡದವರು ಸೋಲಾಪುರ ಅನ್ನುವುದಿಲ್ಲ, ಸೊಲ್ಲಾಪುರ ಅನ್ನುತ್ತೇವೆ. ಸೊನ್ನಲಗೆಯ ಮೊದಲ ಅಕ್ಷರ 'ಸೊ', ಅದು ನಮ್ಮ ಬಾಯಲ್ಲಿ ಇವತ್ತಿಗೂ ಗಿಡ್ಡವಾಗಿಯೇ ಉಳಿದಿದೆ. ಆ 'ಲ್ಲ' ಒತ್ತಕ್ಷರದಲ್ಲಿ ಹಳೆಯ 'ನ್ನ'ದ ನೆನಪಿದೆ ಅಂತ ನನಗೆ ಅನ್ನಿಸುತ್ತದೆ. ಮರಾಠಿ ಲಿಪಿಯಲ್ಲಿ ಗಿಡ್ಡ 'ಒ'ಗೆ ಬೇರೆ ಗುರುತಿಲ್ಲ, ಅಲ್ಲಿ ಅದು ದೀರ್ಘವಾಗಿದ್ದು ಸಹಜ.

ಊರಿನ ಹೆಸರು ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಸೋಲಾಪುರ ಅನ್ನುವವರದ್ದೂ ಇದೇ ಊರು. ಆದರೆ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ಈ ಶಾಸನಗಳ ವಿಷಯ ಹೇಳುವ ಒಂದು ಫಲಕ ಬೇಕು. ಮರಾಠಿಯಲ್ಲಿ, ಕನ್ನಡದಲ್ಲಿ, ಇಲ್ಲಿನ ನೇಕಾರರ ತೆಲುಗಿನಲ್ಲಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಗುರುಗಳು ಫಲಕಕ್ಕಾಗಿ ಕಾಯಬೇಕಿಲ್ಲ. ಸಿದ್ಧರಾಮನ ವಚನ ಹೇಳಿಕೊಡುವ ದಿನವೇ ಸೊನ್ನಲಗೆಯಿಂದ ಸೊಲ್ಲಾಪುರದವರೆಗಿನ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಬಹುದು.