ಹಕ್ಕಿಗೆ ಕೊಂಡ ಹಸಿರು ಬಳೆ

‘ಸೀಮಂತಕ್ಕೆ ಬನ್ನಿ’ ಅಂತ ಆಫೀಸಿನ ಗೆಳತಿ ಕರೆದಳು. ಬರಿಗೈಲಿ ಹೋಗೋದು ಹೇಗೆ? ಗುವಾಹಟಿ ಪೇಟೆಯೆಲ್ಲ ಅಲೆದು ಒಂದು ಡಜನ್ ಹಸಿರು ಗಾಜಿನ ಬಳೆ ಕೊಂಡೆ. ಬ್ರಹ್ಮಪುತ್ರ ದಾಟಿ ದಾದರಾ ಹಳ್ಳಿ ಸೇರಿ ‘ಬಸುರಿ ಎಲ್ಲಿ?’ ಅಂದರೆ ಎಲ್ಲರೂ ಕದಂಬದ ಮರದ ತುದಿ ತೋರಿಸಿದರು.

ಅಲ್ಲಿ ನಿಂತಿದ್ದು ಹರ್ಗಿಲಾ ಅನ್ನೋ ದೊಡ್ಡ ಕೊಕ್ಕರೆ. ಸುಮಾರು ಐದಡಿ ಎತ್ತರ, ಬೋಳುತಲೆ, ಕೊರಳಲ್ಲಿ ಜೋತುಬಿದ್ದ ಚೀಲ. ಹೆಸರಿನ ಅರ್ಥವೇ ಮೂಳೆ ನುಂಗೋದು. ಗುವಾಹಟಿಯ ಕಸದ ರಾಶಿ ಮೇಲೆ ಇದನ್ನು ನೋಡಿ ಮೂಗು ಮುಚ್ಚಿಕೊಂಡವನು ನಾನು. ಕೆಳಗೆ ಮೇಖಲಾ ಚಾದರ್ ಉಟ್ಟ ಹೆಂಗಸರು ಅದಕ್ಕೇ ಹಾಡು ಹೇಳುತ್ತಿದ್ದರು.

ಇದೇ ಊರವರು ಒಂದು ಕಾಲಕ್ಕೆ ಹಕ್ಕಿ ಅಪಶಕುನ, ಅಂಗಳವೆಲ್ಲ ಹಿಕ್ಕೆ ಅಂತ ಗೂಡಿದ್ದ ಮರವನ್ನೇ ಕಡಿಯುತ್ತಿದ್ದರಂತೆ. 2007ರಲ್ಲಿ ಹಾಗೆ ಉರುಳಿದ ಮರದಿಂದ ಬಿದ್ದ ಮರಿಗಳನ್ನು ಕಂಡ ವನ್ಯಜೀವಿ ಸಂಶೋಧಕಿ ಪೂರ್ಣಿಮಾ ದೇವಿ ಬರ್ಮನ್, ಪಿಎಚ್‌ಡಿ ಪಕ್ಕಕ್ಕಿಟ್ಟು ಊರ ಹೆಂಗಸರನ್ನು ಕೂಡಿಸಿಕೊಂಡರು. ಬಸುರಿಗೆ ಮಾಡುವ ಶಾಸ್ತ್ರ ಹಕ್ಕಿಗೂ ಬಂತು. ಮಗ್ಗದಲ್ಲಿ ನೇಯುವ ಗಮೋಸಾ ಅನ್ನೋ ಅಸ್ಸಾಮಿ ವಸ್ತ್ರದ ಮೇಲೂ ಹರ್ಗಿಲಾ ಬಂದು ನಿಂತಿತು.

‘ನಮ್ಮ ಮದ್ದೂರು ಕಡೆ ಕೊಕ್ಕರೆ ಬೆಳ್ಳೂರಿದೆ, ಹೆಜ್ಜಾರ್ಲೆ ಹಕ್ಕಿಗಳು ನಮಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು’ ಅಂತ ಜಂಭ ಕೊಚ್ಚಿದೆ.

‘ಬಂದವಕ್ಕೆ ನೀವೇನು ಮಾಡ್ತೀರಿ?’ ಅಂದಳು ಗೆಳತಿ.

ಬಾಯಿ ಕಟ್ಟಿತು. ಬೆಂಗಳೂರಿನ ನೆಂಟರನ್ನು ಕರೆದೊಯ್ದು ತೋರಿಸಿ, ವಾಪಸ್ ಬರುವಾಗ ಮದ್ದೂರು ವಡೆ ತಿನ್ನುತ್ತೇವೆ. ಅಲ್ಲೇ ಇರುವ ನಮ್ಮ ಸೋದರತ್ತೆ ಮನೆ ಹಿತ್ತಲ ಹುಣಸೆ, ತಾರಸಿ ಮನೆ ಏಳುವಾಗ ನೆಲಕ್ಕುರುಳಿತು. ‘ಹಕ್ಕಿ ಬೇರೆ ಮರ ನೋಡ್ಕೊಳ್ತವೆ ಬಿಡೋ’ ಅಂದರು ಮಾವ. ತಾತಂದಿರು ಕಟ್ಟಿಟ್ಟ ಪುಣ್ಯವನ್ನು ಕೂತು ತಿನ್ನೋದರಲ್ಲಿ ನಮ್ಮನ್ನು ಮೀರಿಸೋರಿಲ್ಲ! ಇವರದೋ ನಿನ್ನೆ ಮೊನ್ನೆ ಹುಟ್ಟಿದ ಸಂಪ್ರದಾಯ. ಅದಕ್ಕೇ ಏನೋ, ಇನ್ನೂ ಬಿಸಿಯಾಗಿದೆ.

ಆ ರಾತ್ರಿ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ‘ನಮ್ಮತ್ತೆ ಕಾಲದಲ್ಲಿ ಮರಿ ಇರೋ ಮರದ ಹುಣಸೆಹಣ್ಣು ಬಡೀತಿರಲಿಲ್ಲ ಕಣಪ್ಪ. ಯಾರೂ ಬಂದು ಹೇಳಿಕೊಟ್ಟಿದ್ದಲ್ಲ. ಹಿಕ್ಕೆ ಗುಂಡಿಗೆ ಹಾಕಿ ಗದ್ದೆಗೆ ಹೊಡೀತಿದ್ವಿ’ ಅಂದರು. ಅದೂ ನಿಜವೇ, ಹಾಡಿಲ್ಲದೆ ಶಾಸ್ತ್ರವಿಲ್ಲದೆ ನಡೆದುಕೊಂಡು ಬಂದದ್ದು.

ಆಮೇಲೆ ಕೇಳಿದರು: ‘ಆ ಬಳೆ ಏನ್ಮಾಡ್ದೆ?’